ಫಾಸ್ಟ್ ಎಂಬುದು ಯಾವ ಪದ

‘ಬುದ್ಧಿ, ಫಾಸ್ಟ್ ಅನ್ನುವ ಪದ ನಾಮಪದವೋ, ಕ್ರಿಯಾಪದವೋ, ವಿಶೇಷಣವೋ? ಸುತ್ತಿ ಬಳಸಿ ಬೇಡ. ಒಂದೇ ಮಾತಿನಲ್ಲಿ ಹೇಳಿಬಿಡಿ.’

ಕೇಳಿದವನು ಮರುಳಸಿದ್ಧ. ಕೇಳಿದ್ದು ತನ್ನ ಗುರುಗಳನ್ನು. ಆ ಮಠದಲ್ಲಿ ಸ್ವಾಮಿಗಳನ್ನು ಎಲ್ಲರೂ ಬುದ್ಧಿ ಎಂದೇ ಕರೆಯುತ್ತಿದ್ದರು. ಸ್ವಾಮಿಗಳು ಜಗಲಿಯ ಮೇಲೆ ಕೂತು, ಮೊರದಲ್ಲಿ ಹುರುಳಿ ಹರಡಿಕೊಂಡು, ಕಲ್ಲು ಆರಿಸುತ್ತಿದ್ದರು. ತಲೆ ಎತ್ತಲಿಲ್ಲ.

‘ಯಾವ ವಾಕ್ಯದಲ್ಲಿ?’ ಎಂದರು.

ಮರುಳಸಿದ್ಧನಿಗೆ ಪಿತ್ತ ನೆತ್ತಿಗೇರಿತು. ಅದೇ ಮಾತನ್ನು ಅವನು ಆ ದಿನ ಆಗಲೇ ಒಮ್ಮೆ ಕೇಳಿದ್ದ. ಹೇಳಿದವಳು ಹೊರಗೆ ಬೇವಿನ ಕಟ್ಟೆಯ ಮೇಲೆ ಕೂತಿದ್ದಳು.

ನಡೆದದ್ದು ಇಷ್ಟು. ಮಠದ ಪ್ರೌಢಶಾಲೆಗೆ ಇಂಗ್ಲಿಷ್ ಕಲಿಸುವವರು ಬೇಕಾಗಿತ್ತು. ಇದ್ದ ಮೇಷ್ಟರಿಗೆ ಸರ್ಕಾರಿ ಕೆಲಸ ಸಿಕ್ಕಿ, ದಸರಾ ರಜೆಯಲ್ಲಿ ಹೊರಟುಹೋಗಿದ್ದರು. ಹತ್ತನೆಯ ತರಗತಿಯ ಮಕ್ಕಳು ಅರ್ಧ ಪುಸ್ತಕದಲ್ಲಿ ನಿಂತಿದ್ದರು. ಆ ವರ್ಷ ಶಾಲೆಯ ಉಸ್ತುವಾರಿಯನ್ನು ಸ್ವಾಮಿಗಳು ಮರುಳಸಿದ್ಧನಿಗೆ ಒಪ್ಪಿಸಿದ್ದರು. ‘ಬಂದವರನ್ನು ನೀನೇ ನೋಡು. ಒಬ್ಬರನ್ನು ಆರಿಸು’ ಎಂದಿದ್ದರು.

ಮರುಳಸಿದ್ಧ ಅಚ್ಚುಕಟ್ಟಿನ ಮನುಷ್ಯ. ಮಠದ ಉಗ್ರಾಣದಲ್ಲಿ ಬೇಳೆ ಬೇರೆ ಕಾಳು ಬೇರೆ ಮಾಡಿ, ಡಬ್ಬಗಳ ಮೇಲೆ ಹೆಸರು ಅಂಟಿಸಿದವನು ಅವನೇ. ಪ್ರತಿಯೊಂದಕ್ಕೂ ಒಂದು ಜಾಗ ಇರಬೇಕು, ಇಟ್ಟ ಜಾಗದಲ್ಲಿ ಅದು ಇರಬೇಕು. ಹಾಗಿಲ್ಲದಿದ್ದರೆ ಅವನಿಗೆ ಊಟ ರುಚಿಸುತ್ತಿರಲಿಲ್ಲ. ಇಂಗ್ಲಿಷ್ ಮಾತ್ರ ಅವನಿಗೆ ಅಷ್ಟಕ್ಕಷ್ಟೆ. ಆದ್ದರಿಂದ ಒಂದು ಗೈಡ್ ತರಿಸಿದ. ಅದರಿಂದ ಒಂದೇ ಒಂದು ಪ್ರಶ್ನೆ ಆರಿಸಿ ಇಟ್ಟುಕೊಂಡ. ಫಾಸ್ಟ್ ಎನ್ನುವುದು ಯಾವ ಪಾರ್ಟ್ ಆಫ್ ಸ್ಪೀಚ್? ಗೈಡಿನ ಕೊನೆಯ ಹಾಳೆಯಲ್ಲಿ ಉತ್ತರವೂ ಇತ್ತು. ವಿಶೇಷಣ. ಅನ್ನ ಬೆಂದಿದೆಯೋ ಇಲ್ಲವೋ ನೋಡುವುದಕ್ಕೆ ಒಂದು ಅಗುಳು ಸಾಕು ಎಂದು ಅವನ ಲೆಕ್ಕ.

ಮೊದಲು ಬಂದವನು ಪ್ರಶ್ನೆ ಮುಗಿಯುವ ಮೊದಲೇ ‘ವಿಶೇಷಣ’ ಎಂದ. ಮರುಳಸಿದ್ಧನ ಮುಖ ಅರಳಿತು. ಎರಡನೆಯವನು ‘ಕ್ರಿಯಾವಿಶೇಷಣ’ ಎಂದ. ಅವನ ಹೆಸರಿನ ಮುಂದೆ ಅಡ್ಡಗೆರೆ ಬಿತ್ತು. ಮೂರನೆಯವನು ನಕ್ಕು, ‘ನಿಮ್ಮಲ್ಲಿ ಯಾವುದು ನಡೆಯುತ್ತೆ ಸಾರ್? ಅದನ್ನೇ ಹೇಳುತ್ತೇನೆ’ ಎಂದ. ಅವನಿಗೆ ಮರುಳಸಿದ್ಧ ಬಾಗಿಲು ತೋರಿಸಿದ.

ಕಡೆಗೆ ಬಂದವಳು ಸರ್ವಮಂಗಳ. ಮುಂದೆ ಆ ಶಾಲೆಯ ಮಕ್ಕಳು ಮಂಗಳಾ ಮಿಸ್ ಎಂದು ಬೆನ್ನು ಬಿದ್ದದ್ದು ಈಕೆಗೇ. ಆದರೆ ಅದು ಆಮೇಲಿನ ಮಾತು. ಆ ದಿನ ಆಕೆ ಎರಡು ಬಸ್ಸು ಬದಲಾಯಿಸಿ ಬಂದಿದ್ದಳು. ಹಿಂದೆ ಕಲಿಸುತ್ತಿದ್ದ ಶಾಲೆ ಮಕ್ಕಳಿಲ್ಲದೆ ಮುಚ್ಚಿಹೋಗಿತ್ತು. ಗಂಡನಿಗೆ ಬೆನ್ನು ಹಿಡಿದು ವರ್ಷವಾಗಿತ್ತು. ಮನೆಯಲ್ಲಿ ದುಡಿಯುವ ಕೈ ಆಕೆಯದೊಂದೇ. ಇದು ಯಾವುದನ್ನೂ ಆಕೆ ಹೇಳಲಿಲ್ಲ. ಪ್ರಶ್ನೆ ಕೇಳಿ, ಸ್ವಲ್ಪ ಯೋಚಿಸಿ, ‘ಯಾವ ವಾಕ್ಯದಲ್ಲಿ ಸಾರ್?’ ಎಂದಳು.

‘ವಾಕ್ಯ ಇಲ್ಲ ತಾಯಿ. ಬರೀ ಪದ.’

‘ಬರೀ ಪದ ಆದರೆ ಹೇಳುವುದಕ್ಕೆ ಬರುವುದಿಲ್ಲ ಸಾರ್.’

‘ಗೊತ್ತಿಲ್ಲ ಅನ್ನಿ ಹಾಗಾದರೆ.’

‘ಗೊತ್ತಿಲ್ಲ ಅಂತಲ್ಲ. ಫಾಸ್ಟ್ ಬಸ್ಸು ಅಂದರೆ ಅದು ವಿಶೇಷಣ. ಬಸ್ಸು ಫಾಸ್ಟ್ ಹೋಯಿತು ಅಂದರೆ ಕ್ರಿಯಾವಿಶೇಷಣ. ಸೋಮವಾರ ನಮ್ಮ ಅತ್ತೆ ಉಪವಾಸ ಇರುತ್ತಾರೆ. ಅದಕ್ಕೂ ಇಂಗ್ಲಿಷಿನಲ್ಲಿ ಫಾಸ್ಟ್ ಅನ್ನುತ್ತಾರೆ. ಆ ಉಪವಾಸ ನಾಮಪದ. ಅವರು ಉಪವಾಸ ಮಾಡುವುದು ಕ್ರಿಯಾಪದ. ನೀವು ಒಂದು ವಾಕ್ಯ ಕೊಡಿ, ನಾನು ಹೇಳುತ್ತೇನೆ.’

‘ನಾನು ಕೇಳಿದ್ದು ಒಂದು. ನೀವು ನಾಲ್ಕು ಹೇಳಿದಿರಿ. ನನಗೆ ಬೇಕಾದದ್ದು ಒಂದು.’

‘ಒಂದೇ ಹೇಳಿದರೆ ಸುಳ್ಳಾಗುತ್ತದೆ ಸಾರ್’ ಎಂದಳು ಸರ್ವಮಂಗಳ.

ಆಕೆಯ ಧ್ವನಿಯಲ್ಲಿ ಉದ್ಧಟತನವಿರಲಿಲ್ಲ. ಮರುಳಸಿದ್ಧನಿಗೆ ಅದೇ ಇನ್ನಷ್ಟು ಕಿರಿಕಿರಿಯಾಯಿತು. ತನ್ನನ್ನು ಆಡಿಕೊಳ್ಳುತ್ತಿದ್ದಾಳೆಯೇ, ಗೊತ್ತಿಲ್ಲದ್ದನ್ನು ಮುಚ್ಚಿಕೊಳ್ಳುತ್ತಿದ್ದಾಳೆಯೇ ಎಂದು ತಿಳಿಯಲಿಲ್ಲ. ಹೊರಗೆ ಕೂತಿರಿ ಎಂದ. ಆಕೆ ಹೋದ ಮೇಲೆ ಎರಡನೆಯ ಗೈಡ್ ತೆಗೆದ. ಅದರಲ್ಲಿ ಕ್ರಿಯಾವಿಶೇಷಣ ಎಂದಿತ್ತು. ಶಾಲೆಯ ದೊಡ್ಡ ನಿಘಂಟು ತೆಗೆದ. ಅದರಲ್ಲಿ ನಾಲ್ಕೂ ಇದ್ದವು. ಅಷ್ಟೇ ಆಗಿದ್ದರೆ ಸಹಿಸುತ್ತಿದ್ದ. ಫಾಸ್ಟ್ ಎಂದರೆ ಬೇಗ ಓಡುವುದು ಎಂದು ಮೇಲೆ ಬರೆದವರು, ಅಲ್ಲಾಡದ ಹಾಗೆ ಬಿಗಿಯಾಗಿ ಅಂಟಿಕೊಂಡಿರುವುದು ಎಂದು ಕೆಳಗೆ ಬರೆದಿದ್ದರು. ಓಡುವುದಕ್ಕೂ ಅದೇ, ಓಡದಿರುವುದಕ್ಕೂ ಅದೇ. ಮರುಳಸಿದ್ಧ ನಿಘಂಟನ್ನು ಧಡ್ಡನೆ ಮುಚ್ಚಿದ. ವಿಶೇಷಣ ಎಂದವನಿಗೇ ಕೆಲಸ ಕೊಟ್ಟು, ಕಟ್ಟೆಯ ಮೇಲಿನವಳನ್ನು ಐದೂವರೆಯ ಬಸ್ಸಿಗೆ ಕಳಿಸಿಬಿಡುವುದೆಂದು ನಿಶ್ಚಯಿಸಿದ. ಅದಕ್ಕೆ ಮೊದಲು ಗುರುಗಳ ಬಾಯಿಂದ ಒಂದು ಮಾತು ಬಿದ್ದರೆ ಮನಸ್ಸಿಗೆ ಸಮಾಧಾನ. ಸ್ವಾಮಿಗಳಿಗೆ ಇಂಗ್ಲಿಷ್ ಚೆನ್ನಾಗಿ ಬರುತ್ತಿತ್ತು. ಬರುತ್ತದೆಂದು ತೋರಿಸಿಕೊಳ್ಳುತ್ತಿರಲಿಲ್ಲ, ಅಷ್ಟೆ.

ಹೀಗೆ ಬಂದವನಿಗೆ ಗುರುಗಳೂ ‘ಯಾವ ವಾಕ್ಯದಲ್ಲಿ’ ಎಂದುಬಿಟ್ಟರು.

‘ವಾಕ್ಯ ಬೇಡ ಬುದ್ಧಿ’ ಎಂದ ಮರುಳಸಿದ್ಧ. ‘ಪದ ಅಂದ ಮೇಲೆ ಅದಕ್ಕೊಂದು ಜಾತಿ ಇರಬೇಡವೆ? ಬೇವು ಬೇವೇ. ಮಾವು ಮಾವೇ. ಹೊತ್ತಿಗೊಂದು ವೇಷ ಹಾಕುವುದಾದರೆ ಅದನ್ನು ಯಾವ ಡಬ್ಬದಲ್ಲಿ ಇಡುವುದು?’

‘ಕಾಡು ಅಂದರೆ ಏನಪ್ಪಾ?’ ಎಂದರು ಸ್ವಾಮಿಗಳು.

‘ಕಾಡು ಅಂದರೆ ಅಡವಿ. ನಾಮಪದ.’

‘ಈಗ ಹೊತ್ತು ಗೊತ್ತಿಲ್ಲದೆ ನನ್ನನ್ನು ಹಿಡಿದು ನೀನು ಮಾಡುತ್ತಿದ್ದೀಯಲ್ಲ, ಅದು?’

ಮರುಳಸಿದ್ಧ, ‘ಅದು ಬೇರೆ ಬುದ್ಧಿ. ಕನ್ನಡ ನಮ್ಮ ಭಾಷೆ. ಅದರಲ್ಲಿ ಹೇಗೋ ತಿಳಿದುಹೋಗುತ್ತದೆ. ಇಂಗ್ಲಿಷಿಗೆ ವ್ಯಾಕರಣ ಇದೆ’ ಎಂದ.

ಸ್ವಾಮಿಗಳು ಅವನನ್ನು ನೋಡಿದರು. ಹಣೆ ಒತ್ತಿಕೊಂಡರು. ಮೊರವನ್ನು ಪಕ್ಕಕ್ಕೆ ಸರಿಸಿದರು.

‘ಕೂತುಕೋ’ ಎಂದರು. ಮರುಳಸಿದ್ಧ ಮೆಟ್ಟಿಲ ಮೇಲೆ ಕೂತ. ಸ್ವಾಮಿಗಳು ಹೇಳತೊಡಗಿದರು.

ಒಂದು ಊರಿನ ಹೊರಗೆ ಹೆದ್ದಾರಿಯ ಬದಿಯಲ್ಲಿ ಒಂದು ಛತ್ರವಿತ್ತು. ಒಬ್ಬ ವರ್ತಕ ಅದನ್ನು ಕಟ್ಟಿಸಿದ್ದ. ಅದನ್ನು ನೋಡಿಕೊಳ್ಳಲು ಒಬ್ಬ ಪಾರುಪತ್ಯಗಾರನನ್ನು ನೇಮಿಸಿದ್ದ. ಪಾರುಪತ್ಯಗಾರನ ಸಂಸಾರ ಛತ್ರದ ಒಂದು ಮಗ್ಗುಲಲ್ಲಿ ವಾಸವಾಗಿತ್ತು.

ಛತ್ರ ಹೊಸದಾಗಿದ್ದಾಗ ಯಾರು ಬೇಕಾದರೂ ಎಲ್ಲಿ ಬೇಕಾದರೂ ಮಲಗುತ್ತಿದ್ದರು. ಒಮ್ಮೆ ಒಬ್ಬ ರೋಗಿ ಬಂದು ಯಾತ್ರಿಕರ ನಡುವೆ ಮಲಗಿದ. ಅವನ ಕೆಮ್ಮು ಹತ್ತು ಜನಕ್ಕೆ ಹತ್ತಿತು. ಇನ್ನೊಮ್ಮೆ ವ್ಯಾಪಾರಿಗಳು ವಿಭೂತಿ ಬಳಿದುಕೊಂಡು ಬಂದು, ಯಾತ್ರಿಕರ ಪಂಕ್ತಿಯಲ್ಲಿ ಉಂಡು, ಹೊರಗೆ ಹೋಗಿ ನಕ್ಕರು. ವರ್ತಕ ಇದನ್ನು ಕೇಳಿ ನೊಂದುಕೊಂಡ. ಒಂದು ಕಟ್ಟಳೆ ಮಾಡಿದ. ಯಾತ್ರಿಕರಿಗೆ ಒಳಹಜಾರ. ಅವರಿಗೆ ಊಟ ಛತ್ರದ್ದು. ವ್ಯಾಪಾರಿಗಳಿಗೆ ಮುಂದಿನ ಜಗಲಿ. ಅವರು ಬೇಯಿಸಿಕೊಂಡು ಉಣ್ಣಬೇಕು. ರೋಗಿಗಳಿಗೆ ಹಿತ್ತಲ ಕೊಠಡಿ. ಅವರಿಗೆ ಗಂಜಿ. ‘ಯಾರೆಂದು ತಿಳಿಯದೆ ಯಾರನ್ನೂ ಒಳಗೆ ಬಿಡಬೇಡ’ ಎಂದು ಪಾರುಪತ್ಯಗಾರನಿಗೆ ಹೇಳಿ ಹೋದ.

ಪಾರುಪತ್ಯಗಾರ ನಿಯತ್ತಿನ ಮನುಷ್ಯ. ಬಂದವರನ್ನೆಲ್ಲ ಬಾಗಿಲಲ್ಲಿ ನಿಲ್ಲಿಸಿ ‘ನೀವು ಯಾರು’ ಎಂದು ಕೇಳುತ್ತಿದ್ದ. ಅವರು ಹೇಳುತ್ತಿದ್ದರು. ಹೇಳಿದ ಪ್ರಕಾರ ಜಾಗ ತೋರಿಸುತ್ತಿದ್ದ. ಕೆಮ್ಮು ಹರಡುವುದು ನಿಂತಿತು. ಪಂಕ್ತಿಯಲ್ಲಿ ಮೋಸ ನಿಂತಿತು. ಹೀಗೆ ಬಹಳ ಕಾಲ ಸುಸೂತ್ರವಾಗಿ ನಡೆಯಿತು.

‘ಒಳ್ಳೆಯ ಏರ್ಪಾಡು ಬುದ್ಧಿ’ ಎಂದ ಮರುಳಸಿದ್ಧ. ಅವನಿಗೆ ಆ ಪಾರುಪತ್ಯಗಾರ ಹಿಡಿಸಿದ.

‘ಒಳ್ಳೆಯದೇ’ ಎಂದರು ಸ್ವಾಮಿಗಳು.

ಒಂದು ವರ್ಷ ಪಾರುಪತ್ಯಗಾರನ ಮಗಳು ಚೊಚ್ಚಲ ಹೆರಿಗೆಗೆ ತವರಿಗೆ ಬಂದಳು. ಒಬ್ಬಳೇ ಮಗಳು. ದಿನ ತುಂಬಲು ಇನ್ನೂ ಸ್ವಲ್ಪ ಸಮಯವಿತ್ತು. ಊರಿನ ಸೂಲಗಿತ್ತಿ ಹೊಳೆಯಾಚೆ ನೆಂಟರ ಮದುವೆಗೆ ಹೋಗಿದ್ದಳು. ಅಷ್ಟರಲ್ಲಿ ಬರುತ್ತೇನೆ ಎಂದು ಹೇಳಿಯೇ ಹೋಗಿದ್ದಳು. ಆದರೂ ಹೆತ್ತವರಿಗೆ ಕಳವಳ ತಪ್ಪುತ್ತದೆಯೆ? ಪಾರುಪತ್ಯಗಾರನಿಗೆ ಆ ದಿನಗಳಲ್ಲಿ ನೊಣ ಹಾರಿದರೂ ಸಿಟ್ಟು ಬರುತ್ತಿತ್ತು.

ಒಂದು ದಿನ ದೀಪ ಹಚ್ಚುವ ಹೊತ್ತಿಗೆ ಒಬ್ಬ ಹೆಂಗಸು ಛತ್ರದ ಬಾಗಿಲಿಗೆ ಬಂದಳು. ನಡುವಯಸ್ಸು. ತಲೆಯ ಮೇಲೆ ಬುಟ್ಟಿ. ಕಾಲೆಲ್ಲ ದೂಳು.

‘ನೀನು ಯಾರಮ್ಮ?’ ಎಂದು ಪಾರುಪತ್ಯಗಾರ ಕೇಳಿದ.

‘ಬೆಟ್ಟದ ತಾಯಿಗೆ ಹರಕೆ ಇದೆ ಅಣ್ಣ. ಅದಕ್ಕೆ ಹೊರಟಿದ್ದೇನೆ’ ಎಂದಳು ಹೆಂಗಸು.

‘ಯಾತ್ರಿಕಳು. ಒಳಹಜಾರಕ್ಕೆ ಹೋಗು’ ಎಂದ. ಆಕೆ ಬಾಗಿಲು ದಾಟಲು ಬಗ್ಗಿದಳು. ಬುಟ್ಟಿಯೊಳಗೆ ಏನೋ ಗಲಗಲ ಎಂದಿತು. ‘ಅದೇನು?’ ಎಂದ.

‘ಸೂಜಿ, ಮಣಿ, ಬಾಚಣಿಗೆ. ದಾರಿಯುದ್ದಕ್ಕೂ ಮಾರಿಕೊಂಡು ಹೋಗುತ್ತೇನೆ. ನನ್ನ ಹೊಟ್ಟೆ ನಡೆಯುವುದೇ ಅದರಲ್ಲಿ.’

‘ಹಾಗಾದರೆ ವ್ಯಾಪಾರಿ. ನಿನ್ನ ಜಾಗ ಜಗಲಿ’ ಎಂದು ಅಡ್ಡ ನಿಂತ. ನಿಂತಾಗ ಆಕೆಯ ತೋಳು ತಾಗಿತು. ಕೆಂಡದ ಹಾಗೆ ಸುಡುತ್ತಿತ್ತು. ‘ಇದೇನು, ಮೈ ಸುಡುತ್ತಿದೆ?’ ಎಂದ.

‘ಬೆಳಗಿನಿಂದ ಜ್ವರ ಅಣ್ಣ. ಬಂದು ಬಂದು ಬಿಡುತ್ತಿದೆ.’

ಪಾರುಪತ್ಯಗಾರನ ತಾಳ್ಮೆ ತಪ್ಪಿತು. ‘ಅಮ್ಮಾ, ನಾನು ಕೇಳುತ್ತಿರುವುದು ಕಷ್ಟದ ಪ್ರಶ್ನೆಯಲ್ಲ. ಎಲ್ಲರನ್ನೂ ಕೇಳುತ್ತೇನೆ. ಎಲ್ಲರೂ ಹೇಳುತ್ತಾರೆ. ನೀನು ಯಾತ್ರಿಕಳೋ, ವ್ಯಾಪಾರಿಯೋ, ರೋಗಿಯೋ? ಮೂರರಲ್ಲಿ ಒಂದನ್ನು ಹೇಳು’ ಎಂದ.

ಹೆಂಗಸು ಪ್ರಾಮಾಣಿಕವಾಗಿಯೇ ಯೋಚಿಸಿದಳು. ‘ಗುಡಿ ಮುಟ್ಟಿದರೆ ಯಾತ್ರಿಕಳು. ಯಾರಾದರೂ ಕೊಂಡರೆ ವ್ಯಾಪಾರಿ. ಜ್ವರ ಏರಿದರೆ ರೋಗಿ. ಇಲ್ಲಿ ನಿಂತುಕೊಂಡು ಯಾವುದೆಂದು ಹೇಳಲಿ? ಸ್ವಲ್ಪ ಹೊತ್ತು ಕೂರುತ್ತೇನೆ ಅಣ್ಣ. ಆಮೇಲೆ ನೀನೇ ನೋಡು’ ಎಂದಳು.

ಒಳಗಿನಿಂದ ಪಾರುಪತ್ಯಗಾರನ ಹೆಂಡತಿ, ‘ಯಾರು ಬಂದಿರುವುದು?’ ಎಂದು ಕೂಗಿದಳು.

‘ಅದನ್ನೇ ಕೇಳುತ್ತಿದ್ದೇನೆ! ಹೇಳುತ್ತಿಲ್ಲ!’ ಎಂದು ಪಾರುಪತ್ಯಗಾರ ಕೂಗಿದ.

ಅವನು ಕೆಟ್ಟವನಲ್ಲ. ಹಜಾರಕ್ಕೆ ಬಿಟ್ಟರೆ ಜ್ವರ ಹರಡೀತು. ರೋಗಿಯೆಂದು ಕೊಠಡಿಗೆ ಕಳಿಸಿದರೆ, ಬೆಳಿಗ್ಗೆ ಎದ್ದು ಅಲ್ಲೇ ಅಂಗಡಿ ಹರಡಿಯಾಳು. ಜಗಲಿಯಲ್ಲಿ ಆ ರಾತ್ರಿ ಬರೀ ಗಂಡಸರಿದ್ದರು. ಯಾವ ಕಡೆ ತಿರುಗಿದರೂ ಕಟ್ಟಳೆ ಮುರಿಯುತ್ತಿತ್ತು. ಅವನು ತಲೆ ಚಚ್ಚಿಕೊಂಡ. ‘ನೀನು ಯಾರೆಂದು ನಿನಗೇ ಗೊತ್ತಿಲ್ಲ. ಗೊತ್ತಾದ ಮೇಲೆ ಬಾ’ ಎಂದ. ಬಾಗಿಲು ಹಾಕಿದ.

ಹೆಂಗಸು ಸ್ವಲ್ಪ ಹೊತ್ತು ನಿಂತಳು. ಆಮೇಲೆ ಬುಟ್ಟಿಯನ್ನು ತಲೆಯ ಮೇಲೆ ಸರಿಮಾಡಿಕೊಂಡು ಮುಂದಿನ ಊರಿನ ಕಡೆ ನಡೆದಳು.

ಮೆಟ್ಟಿಲ ಮೇಲೆ ಕೂತಿದ್ದ ಮರುಳಸಿದ್ಧ ಮೈ ಹೊರಳಿಸಿದ. ಆ ಹೆಂಗಸಿನ ಮೇಲೆ ಅವನಿಗೂ ಸಿಟ್ಟು ಬಂದಿತ್ತು. ಮೂರರಲ್ಲಿ ಒಂದು ಹೇಳಿದ್ದರೆ ಮುಗಿದುಹೋಗುತ್ತಿತ್ತು ಎಂದುಕೊಂಡ. ಆದರೆ ಗುರುಗಳ ಮಾತಿಗೆ ಅಡ್ಡ ಬರಲಿಲ್ಲ. ಸ್ವಾಮಿಗಳು ಮುಂದುವರಿಸಿದರು.

ಕೋಳಿ ಕೂಗುವ ಮೊದಲೇ ಮಗಳಿಗೆ ನೋವು ಶುರುವಾಯಿತು. ಲೆಕ್ಕಕ್ಕಿಂತ ಮುಂಚೆ ಬಂದ ನೋವು. ತಾಯಿ ಹೊಟ್ಟೆ ಮುಟ್ಟಿ ನೋಡಿದಳು. ಕೂಸು ಅಡ್ಡ ತಿರುಗಿತ್ತು. ‘ಎಲ್ಲಿಂದಾದರೂ ಒಬ್ಬ ಸೂಲಗಿತ್ತಿಯನ್ನು ತನ್ನಿ. ನನ್ನ ಕೈಲಾಗುವುದಿಲ್ಲ’ ಎಂದಳು.

ಹೊಳೆಯಲ್ಲಿ ನೀರು ಬಂದಿತ್ತು. ಆಚೆ ದಾಟುವ ಹಾಗಿರಲಿಲ್ಲ. ಪಾರುಪತ್ಯಗಾರ ಮೇಲುವಸ್ತ್ರವನ್ನೂ ಹೊದೆಯದೆ ಮುಂದಿನ ಊರಿಗೆ ಓಡಿದ. ಬೆಳಕು ಹರಿಯುವಾಗ ಅಲ್ಲಿ ತಲುಪಿದ. ಊರಗೌಡನ ಮನೆಯ ಮುಂದೆ ಹೆಂಗಸರು ಗುಂಪಾಗಿ ನಿಂತಿದ್ದರು. ಎಲ್ಲರ ಮುಖದಲ್ಲೂ ನಗು. ಇವನು ಏದುಸಿರು ಬಿಡುತ್ತ ಸೂಲಗಿತ್ತಿ ಬೇಕೆಂದ.

‘ನಮ್ಮೂರಿನಲ್ಲಿ ಸೂಲಗಿತ್ತಿ ಎಲ್ಲಿದ್ದಾಳೆ?’ ಎಂದಳು ಗೌಡನ ಹೆಂಡತಿ. ‘ನಿನ್ನೆ ರಾತ್ರಿ ನಮ್ಮ ಸೊಸೆಯ ಜೀವ ಹೋಗುವುದರಲ್ಲಿತ್ತು. ಕೂಸಿನ ಕೈ ಮುಂದೆ ಬಂದುಬಿಟ್ಟಿತ್ತು. ಪುಣ್ಯಕ್ಕೆ ಯಾರೋ ದಾರಿಹೋಕಳು ಜಗಲಿಯಲ್ಲಿ ಮಲಗಿದ್ದಳು. ಜ್ವರ ಎಂದು ಕಷಾಯ ಕಾಸಿ ಕೊಟ್ಟಿದ್ದೆವು. ಸೊಸೆಯ ಕೂಗು ಕೇಳಿ ಎದ್ದು ಬಂದಳು. ಬಿಸಿನೀರಿನಲ್ಲಿ ಕೈ ತೊಳೆದಳು. ಕೂಸನ್ನು ಮೆಲ್ಲಗೆ ತಿರುಗಿಸಿ ತೆಗೆದಳು. ನೋಡು, ತಾಯಿ ಮಗು ಇಬ್ಬರೂ ಚೆನ್ನಾಗಿದ್ದಾರೆ. ಸೀರೆ ಕೊಟ್ಟರೆ ತೆಗೆದುಕೊಳ್ಳಲಿಲ್ಲ. ಒಂದು ಬಾಚಣಿಗೆ ಕೊಂಡರೆ ಸಾಕು ಅಂದಳು.’

ಅದು ತಾನು ಬಾಗಿಲಿನಿಂದ ಕಳಿಸಿದವಳೇ ಎಂದು ಪಾರುಪತ್ಯಗಾರನಿಗೆ ತಿಳಿಯಿತು. ‘ಎಲ್ಲಿ ಆಕೆ?’ ಎಂದ.

‘ಈಗ ತಾನೇ ಹೊರಟಳು. ಯಾವ ಕಡೆ ಹೋದಳೋ, ನೋಡಲಿಲ್ಲ.’

ಊರು ದಾಟಿದ ಮೇಲೆ ದಾರಿ ಎರಡಾಗುತ್ತಿತ್ತು. ಒಂದು ಬೆಟ್ಟದ ಗುಡಿಗೆ. ಇನ್ನೊಂದು ಸಂತೆಗೆ. ಅಲ್ಲಿ ಬಂದು ಪಾರುಪತ್ಯಗಾರ ನಿಂತ. ಯಾತ್ರಿಕಳಾದರೆ ಬೆಟ್ಟಕ್ಕೆ ಹೋಗಿರಬೇಕು. ವ್ಯಾಪಾರಿಯಾದರೆ ಸಂತೆಗೆ. ಹರಕೆ ಎಂದು ಮೊದಲು ಹೇಳಿದಳಲ್ಲ ಎಂದು ಬೆಟ್ಟದ ದಾರಿ ಹಿಡಿದ. ಓಡಿದ. ಮೆಟ್ಟಿಲು ಹತ್ತಿದ. ಗುಡಿಯ ಪೂಜಾರಿ ‘ಬೆಳಗಿನಿಂದ ಒಂದು ಕಾಗೆಯೂ ಬಂದಿಲ್ಲ’ ಎಂದ. ಇಳಿದ. ಬಂದ ದಾರಿಯಲ್ಲೇ ಹಿಂದಕ್ಕೆ ಓಡಿ ಸಂತೆಯ ದಾರಿ ಹಿಡಿದ. ಸಂತೆಯಲ್ಲಿ ಬುಟ್ಟಿಯಿಂದ ಬುಟ್ಟಿಗೆ, ಮುಖದಿಂದ ಮುಖಕ್ಕೆ ನೋಡುತ್ತ ಹೋದ. ‘ಸೂಜಿ ಮಾರುವ ಹೆಂಗಸು ಬಂದಳೆ?’ ಎಂದು ಕಂಡಕಂಡವರನ್ನು ಕೇಳಿದ. ಯಾರೂ ನೋಡಿರಲಿಲ್ಲ.

ಬಿಸಿಲು ನೆತ್ತಿಗೆ ಬಂತು. ಇನ್ನು ಓಡುವುದಕ್ಕೆ ಅವನಲ್ಲಿ ತ್ರಾಣವಿರಲಿಲ್ಲ. ಕಾಲು ಎಳೆಯುತ್ತ ದಾರಿ ಕೂಡುವ ಜಾಗಕ್ಕೆ ಬಂದ. ಅಲ್ಲಿ ಒಂದು ಮುರುಕು ಮಂಟಪವಿತ್ತು. ನೆರಳಿಗೆಂದು ಬಗ್ಗಿ ಒಳಗೆ ಹೋದ. ಹೆಂಗಸು ಅಲ್ಲಿ ಮಲಗಿದ್ದಳು. ಬುಟ್ಟಿಯೇ ತಲೆದಿಂಬು. ಮೈ ಗಡಗಡ ನಡುಗುತ್ತಿತ್ತು. ಬೆಳಿಗ್ಗೆ ಬೆಟ್ಟಕ್ಕೆ ಓಡುವಾಗ ಅವನು ಅದೇ ಮಂಟಪವನ್ನು ಹಾದುಹೋಗಿದ್ದ. ಬೆಟ್ಟದಿಂದ ಸಂತೆಗೆ ಓಡುವಾಗ ಮತ್ತೆ ಹಾದುಹೋಗಿದ್ದ. ಒಳಗೆ ಇಣುಕಿರಲಿಲ್ಲ.

ಆಕೆ ಕಣ್ಣು ತೆರೆದಳು. ಅವನನ್ನು ಗುರುತಿಸಿದಳು. ‘ಏನಾಯಿತು ಅಣ್ಣ?’ ಎಂದಳು.

ದಾರಿಯುದ್ದಕ್ಕೂ ಅವನು ಮಾತು ಜೋಡಿಸಿಕೊಂಡು ಬಂದಿದ್ದ. ‘ಮಗಳು’ ಎಂದ. ಅಷ್ಟೇ ಹೊರಟಿತು.

ಹೆಂಗಸು ಎದ್ದು ಕೂತಳು. ಕಂಬ ಹಿಡಿದು ನಿಂತಳು. ‘ನಡಿ’ ಎಂದಳು. ದಾರಿಯಲ್ಲಿ ಎರಡು ಕಡೆ ಕೂತು ಸುಧಾರಿಸಿಕೊಂಡಳು. ಒಂದು ಕಡೆ ವಾಂತಿ ಮಾಡಿದಳು. ಪಾರುಪತ್ಯಗಾರ ಬುಟ್ಟಿಯನ್ನು ತನ್ನ ತಲೆಯ ಮೇಲೆ ಹೊತ್ತುಕೊಂಡ. ಛತ್ರ ಮುಟ್ಟಿದಾಗ ಬಿಸಿಲು ಇಳಿಯುತ್ತಿತ್ತು. ಆಕೆ ಮುಂದಿನ ಬಾಗಿಲಿನಿಂದಲೇ ಒಳಗೆ ಹೋದಳು. ಜಗಲಿಯನ್ನು ದಾಟಿದಳು. ಯಾತ್ರಿಕರು ಕೂತಿದ್ದ ಹಜಾರವನ್ನು ದಾಟಿದಳು. ಯಾರೂ ಏನೂ ಕೇಳಲಿಲ್ಲ.

ದೀಪ ಹಚ್ಚುವ ಹೊತ್ತಿಗೆ ಹೆರಿಗೆಯಾಯಿತು. ಮಗಳು ಉಳಿದಳು. ಕೂಸು ಉಸಿರಾಡಲಿಲ್ಲ. ಗಂಡು ಕೂಸು.

ಹೆಂಗಸು ಹೊರಗೆ ಬಂದು ಗೋಡೆಗೆ ಒರಗಿದಳು. ‘ಬೆಳಿಗ್ಗೆಯೇ ಆಗಿದ್ದರೆ ಇಬ್ಬರೂ ಉಳಿಯುತ್ತಿದ್ದರು’ ಎಂದಳು. ಅವನನ್ನು ಚುಚ್ಚುವುದಕ್ಕೆ ಹೇಳಿದ್ದಲ್ಲ. ಕೆಲಸ ಬಲ್ಲವರು ಕೆಲಸದ ಮಾತು ಹೇಳುವ ಹಾಗೆ ಹೇಳಿದಳು. ಆಮೇಲೆ ಕುಡಿಯಲು ಸ್ವಲ್ಪ ಗಂಜಿ ಕೇಳಿದಳು.

ಪಾರುಪತ್ಯಗಾರನ ಹೆಂಡತಿ ಚಾಪೆ ಹಿಡಿದುಕೊಂಡು ಬಂದಳು. ಅವಳ ಕಣ್ಣು ಬಾತುಕೊಂಡಿತ್ತು. ‘ಆಕೆಗೆ ಎಲ್ಲಿ ಹಾಸಲಿ?’ ಎಂದು ಗಂಡನನ್ನು ಕೇಳಿದಳು. ಪಾರುಪತ್ಯಗಾರ ಹಜಾರವನ್ನು ನೋಡಿದ, ಜಗಲಿಯನ್ನು ನೋಡಿದ, ಹಿತ್ತಲ ಕಡೆ ನೋಡಿದ. ಆಮೇಲೆ ಹೆಂಡತಿಯ ಕೈಯಿಂದ ಚಾಪೆ ತೆಗೆದುಕೊಂಡು, ಆಕೆ ಒರಗಿದ್ದ ಗೋಡೆಯ ಬುಡದಲ್ಲೇ ಹಾಸಿದ.

ಇಲ್ಲಿಗೆ ಸ್ವಾಮಿಗಳು ಮಾತು ನಿಲ್ಲಿಸಿದರು.

ಆ ಕೂಸಿನ ಸಂಗತಿ ಮರುಳಸಿದ್ಧನ ಎದೆಯಲ್ಲಿ ಮುಳ್ಳಿನ ಹಾಗೆ ಕೂತಿತು. ಅದನ್ನು ಕಿತ್ತುಹಾಕಲೆಂದೇ ಅವನು ಮಾತು ತೆಗೆದ. ದನಿ ಅವನು ಅಂದುಕೊಂಡದ್ದಕ್ಕಿಂತ ಏರಿತು.

‘ತಪ್ಪು ಆ ಹೆಂಗಸಿನದೇ ಬುದ್ಧಿ. ಪಾರುಪತ್ಯಗಾರ ಒಂದಲ್ಲ, ಹತ್ತು ಸಲ ಕೇಳಿದ. ಹರಕೆ ಎಂದಳು, ಬಾಚಣಿಗೆ ಎಂದಳು, ಜ್ವರ ಎಂದಳು. ಊರಿಗೆಲ್ಲ ಬೇಕಾದ ಒಂದು ಮಾತು ಬಾಯಲ್ಲಿತ್ತು. ಸೂಲಗಿತ್ತಿ! ಆ ಬಾಗಿಲಲ್ಲಿ ನಿಂತಾಗಲೇ ಅದನ್ನು ಹೇಳಿದ್ದರೆ ಆ ಕೂಸು ಇವತ್ತು ಆಡಿಕೊಂಡಿರುತ್ತಿತ್ತು. ಯಾಕೆ ಹೇಳಲಿಲ್ಲ ಆಕೆ?’

ಸ್ವಾಮಿಗಳು ಅವನ ಮುಖ ನೋಡಿದರು.

‘ಬಾಗಿಲಲ್ಲಿ ಯಾರೂ ಹೆರುತ್ತಿರಲಿಲ್ಲವಲ್ಲಪ್ಪಾ.’